ಎದುರು ತುದಿ

ನಮ್ಮೂರಲ್ಲಿ ಭಾರವನ್ನು ಒಬ್ಬರೇ ಎತ್ತುವಂತಿಲ್ಲ. ಅದು ಕಲ್ಲಾಗಲಿ, ಕಾಳಿನ ಮೂಟೆಯಾಗಲಿ, ತೊಟ್ಟಿಲಾಗಲಿ, ಹೆಣವಾಗಲಿ. ಪ್ರತಿ ಭಾರಕ್ಕೂ ಎರಡು ತುದಿ. ಒಂದು ತುದಿ ಭಾರದವರದು. ಇನ್ನೊಂದು ತುದಿ, ಕೂಗಿದಾಗ ಯಾರಿಗೆ ಮೊದಲು ಕೇಳಿಸಿತೋ ಅವರದು.

ಊರು ಬಂಡೆಯ ನೆತ್ತಿಯ ಮೇಲಿದೆ. ಹೊಳೆ ಬಂಡೆಯ ಬುಡದಲ್ಲಿದೆ. ನಡುವೆ ನೂರಹನ್ನೆರಡು ಮೆಟ್ಟಿಲು. ಒಂದು ಬದಿಗೆ ಗೋಡೆಯಂತೆ ನಿಂತ ಕಲ್ಲು, ಇನ್ನೊಂದು ಬದಿಗೆ ಏನೂ ಇಲ್ಲ, ಬರೀ ಬಯಲು. ಉಪ್ಪು, ಎಣ್ಣೆ, ಬಣ್ಣ, ನೂಲು, ಹೊಟ್ಟೆಗೆ ಬೇಕಾದದ್ದು ಮೈಗೆ ಬೇಕಾದದ್ದು ಎಲ್ಲವೂ ಆ ಮೆಟ್ಟಿಲ ಮೇಲೆಯೇ ಏರಬೇಕು, ಆ ಮೆಟ್ಟಿಲ ಮೇಲೆಯೇ ಇಳಿಯಬೇಕು.

ಭಾರದವರು ತಮ್ಮ ತುದಿಯನ್ನು ನೆಲದಿಂದ ಒಂದು ಗೇಣು ಎತ್ತಿ ಹಿಡಿಯುತ್ತಾರೆ. ಹಿಡಿದುಕೊಂಡೇ ಕೂಗುತ್ತಾರೆ, ಎದುರು ಬನ್ನಿ ಎಂದು. ಎತ್ತದೆ ಕೂಗಿದರೆ ಅದು ಕೂಗಲ್ಲ, ಬರೀ ಸದ್ದು. ಕೇಳಿಸಿಕೊಂಡವರು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು. ಹಿಟ್ಟು ಕಲೆಸುತ್ತಿದ್ದರೆ ಹಿಟ್ಟಿನ ಕೈಯಲ್ಲೇ, ಮೀಯುತ್ತಿದ್ದರೆ ಒದ್ದೆ ಮೈಯಲ್ಲೇ. ಓಡಿ ಬಂದು ಎದುರು ತುದಿಯನ್ನು ಹಿಡಿಯಬೇಕು, ಮುಖಕ್ಕೆ ಮುಖ ಕೊಟ್ಟು. ಹಾಗೆ ಹಿಡಿದ ಮೇಲೆ ಇಬ್ಬರಲ್ಲಿ ಒಬ್ಬರು ಹಿಂದುಹಿಂದಕ್ಕೆ ನಡೆಯಲೇಬೇಕಲ್ಲ. ಹತ್ತುವಾಗಲೂ ಇಳಿಯುವಾಗಲೂ ಹಿಂದಕ್ಕೆ ನಡೆಯುವವರು ಬಂದವರು. ಅವರು ತಿರುಗಿ ನೋಡುವಂತಿಲ್ಲ. ಭಾರದವರು ದಾರಿ ಹೇಳುತ್ತಾರೆ, ಬಂದವರು ಆ ಮಾತಿನ ಮೇಲೆ ಕಾಲಿಡುತ್ತಾರೆ. ಸೇರಬೇಕಾದಲ್ಲಿಗೆ ಮುಟ್ಟುವ ತನಕ ಭಾರದವರು ಕೈ ಬಿಡುವಂತಿಲ್ಲ. ಮುಟ್ಟಿದ ಮೇಲೆ ಇಬ್ಬರೂ ಒಂದೇ ಚೆಂಬಿನ ನೀರಲ್ಲಿ ಕೈ ತೊಳೆಯುತ್ತಾರೆ. ನಿಮ್ಮಿಂದ ದೊಡ್ಡ ಉಪಕಾರವಾಯಿತು ಅನ್ನುವ ಮಾತು ನಮ್ಮೂರಲ್ಲಿ ಯಾರ ಬಾಯಲ್ಲೂ ಇಲ್ಲ.

ಈಗ ನನ್ನ ವಿಷಯ. ನನ್ನಂಥ ಮೈಕಟ್ಟಿನವನು ಆ ಬಂಡೆಯ ಮೇಲೆ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಅನುಮಾನ. ಮೀಸೆ ಮೂಡುವ ಮೊದಲೇ ಎಮ್ಮೆಗರುವನ್ನು ಹೆಗಲಿಗೆ ಹಾಕಿಕೊಂಡು ನೂರಹನ್ನೆರಡು ಮೆಟ್ಟಿಲನ್ನೂ ಏರಿದವನು ನಾನು. ಉಸಿರು ಕೂಡ ಏರಿರಲಿಲ್ಲ. ಅಂಥವನು ಒಂದು ಮೂಟೆಯ ಅರ್ಧ ಹಿಡಿದುಕೊಂಡು, ಯಾರದೋ ಮಾತು ಕೇಳಿಕೊಂಡು, ಏಡಿಯ ಹಾಗೆ ಹಿಂದಕ್ಕೆ ನಡೆಯುವುದೆಂದರೆ ನನಗೆ ನಾಚಿಕೆ. ಆದ್ದರಿಂದ ಕೂಗು ಕೇಳಿದರೆ ಎಲ್ಲರಿಗಿಂತ ಮೊದಲು ಓಡುತ್ತಿದ್ದೆ, ಎದುರು ತುದಿ ಮಾತ್ರ ಹಿಡಿಯುತ್ತಿರಲಿಲ್ಲ. ಎರಡೂ ತುದಿಯನ್ನು ಕಿತ್ತುಕೊಂಡು ಭಾರವನ್ನು ಇಡಿಯಾಗಿ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಬಿಡಿ, ನಾನೊಬ್ಬನೇ ಸಾಕು ಅನ್ನುತ್ತಿದ್ದೆ.

ಮೊದಮೊದಲು ಜನ ಬೇಡವೆಂದರು. ಕಟ್ಟಳೆ ಅಂದರು. ಆಮೇಲೆ ಸುಮ್ಮನಾದರು. ಅದಾದ ಮೇಲೆ ಅವರಿಗೇ ಹಿತವಾಗತೊಡಗಿತು. ಎಣ್ಣೆಯವನು ತನ್ನ ಕೊಡಗಳನ್ನು ನನ್ನ ತಲೆಗೇರಿಸಿ ಕೈ ಬೀಸಿಕೊಂಡು ಹಿಂದೆ ಬರುತ್ತಿದ್ದ. ಬಣ್ಣದವನು ಅದೂ ಬಿಟ್ಟು ಮನೆಯಲ್ಲೇ ಮಲಗುತ್ತಿದ್ದ. ಎರಡು ಬೇಸಿಗೆ ಹೀಗೇ ಕಳೆಯಿತು. ಊರಿನ ಮೂಟೆಯೆಲ್ಲ ನನ್ನ ತಲೆಯ ಮೇಲೆ, ಊರಿನ ಕೈಯೆಲ್ಲ ಖಾಲಿ. ಯಾರನ್ನಾದರೂ ಕೇಳಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಒಪ್ಪದವಳು ಒಬ್ಬಳೇ, ಉಪ್ಪಿನವ್ವ. ನನ್ನ ಎದೆಮಟ್ಟಕ್ಕೂ ಬರದ ಹೆಂಗಸು, ಉಪ್ಪು ತಿಂದು ಬಿರಿದ ಅಂಗೈ, ಚೂಪು ನಾಲಿಗೆ. ಉಪ್ಪಿನ ಚೀಲ ತೂಗಿಸಿದ ಅವಳ ಗಳಕ್ಕೆ ನಾನು ಕೈ ಹಾಕಿದರೆ, ಹಿಡಿಯುವುದಾದರೆ ಆಚೆ ತುದಿ ಹಿಡಿ, ಇಲ್ಲವಾದರೆ ನಿನ್ನ ಮೈಯನ್ನು ಎಮ್ಮೆಗಳಿಗೆ ತೋರಿಸು ಹೋಗು ಅನ್ನುತ್ತಿದ್ದಳು. ಒಂದು ದಿನ ಕೆರಳಿ ಗಳವನ್ನು ಜಗ್ಗಿದೆ. ಅವಳು ಬಿಡಲಿಲ್ಲ. ಇನ್ನೂ ಜಗ್ಗಿದೆ. ಮೊಣಕಾಲೂರಿ ಕಲ್ಲಿನ ಮೇಲೆ ಬಿದ್ದಳು, ಚೀಲ ಹರಿಯಿತು, ಒಂದು ತಿಂಗಳ ಉಪ್ಪು ಬೆಳ್ಳಗೆ ಹೊಗೆಯ ಹಾಗೆ ಬಯಲಿಗೆ ಇಳಿದುಹೋಯಿತು. ಬಿಟ್ಟಿದ್ದರೆ ಆಗುತ್ತಿತ್ತಲ್ಲ ಅಂತ ನಾನು ನಕ್ಕೆ. ಅವಳು ಮೆಟ್ಟಿಲಲ್ಲಿ ಉಳಿದದ್ದನ್ನು ಮಣ್ಣಿನ ಸಮೇತ ಬಾಚಿ ಸೆರಗಿಗೆ ಕಟ್ಟಿಕೊಂಡಳು.

ಆ ಸಂಜೆ ಗ್ರಂಥದಜ್ಜ ನನ್ನನ್ನು ಕರೆಸಿದ. ಊರ ನಡುವೆ ಓದುಮನೆ, ಅದರೊಳಗೆ ಗ್ರಂಥ, ಅದರ ಮುಂದೆ ಅಜ್ಜ. ಗ್ರಂಥ ಕಡಲಾಚೆಯ ಗ್ರೀಕರ ಭಾಷೆಯದು. ನಮ್ಮ ಕಟ್ಟಳೆ ಹುಟ್ಟಿದ್ದು ಅದರೊಳಗಿನ ಒಂದು ಮಾತಿನಿಂದ. ಸುನಾಂತಿಲಂಬಾನೊಮೈ. ಇದನ್ನು ಒಂದೇ ಉಸಿರಲ್ಲಿ ಹೇಳಬಲ್ಲವರು ಊರಲ್ಲಿ ಇಬ್ಬರೇ, ಅಜ್ಜ ಮತ್ತು ನಾನು. ಸಹಾಯ ಮಾಡು ಎಂದು ಅರ್ಥ. ಆದರೆ ಅಜ್ಜ ಅದನ್ನು ಹಗ್ಗದ ಹುರಿ ಬಿಚ್ಚಿದಂತೆ ಮೂರು ಎಳೆಯಾಗಿ ಬಿಚ್ಚುತ್ತಿದ್ದ. ಜೊತೆಗೆ ಒಂದು ಎಳೆ, ಎದುರಿಗೆ ಒಂದು ಎಳೆ, ಹಿಡಿ ಒಂದು ಎಳೆ.

ಆ ಮಾತು ಎಲ್ಲೆಲ್ಲಿ ಬರುತ್ತದೆಂದು ಅಜ್ಜ ಅವತ್ತು ನನಗೊಬ್ಬನಿಗೇ ಹೇಳಿದ. ಹಳೆಯ ಭಾಗದಲ್ಲಿ ಒಬ್ಬ ಮುಂದಾಳು ಇದ್ದಾನೆ. ಇಡೀ ಜನಾಂಗದ ವ್ಯಾಜ್ಯವನ್ನು ಒಬ್ಬನೇ ಹೊತ್ತು, ನನ್ನಿಂದಾಗದು, ಇದಕ್ಕಿಂತ ನನ್ನನ್ನು ಕೊಂದುಬಿಡು ಎಂದು ದೇವರನ್ನು ಕೇಳುತ್ತಾನೆ. ಆಗ ಎಪ್ಪತ್ತು ಮಂದಿ ಹಿರಿಯರು ಅವನ ಜೊತೆ ಆ ಭಾರ ಹಿಡಿಯಬೇಕೆಂದು ಆಗುತ್ತದೆ. ಹೊಸ ಭಾಗದಲ್ಲಿ ಆ ಮಾತು ಎರಡೇ ಸಲ. ಒಂದು ಸಲ ಅಡುಗೆಮನೆಯಲ್ಲಿ. ನೆಂಟರಿಗೆ ಬಡಿಸಿ ಬಡಿಸಿ ಸಾಕಾದ ಅಕ್ಕ, ಸುಮ್ಮನೆ ಕೂತ ತಂಗಿಯನ್ನು ತೋರಿಸಿ, ಇವಳಿಗೆ ನನ್ನ ಜೊತೆ ಕೈ ಹಾಕಲು ಹೇಳಬಾರದೇ ಎಂದು ಸಿಡುಕುವಾಗ. ಇನ್ನೊಂದು ಸಲ, ದೇವರ ಉಸಿರು ನಮ್ಮ ಬಲಹೀನತೆಗೆ ಒದಗುತ್ತದೆ, ಏನು ಬೇಡಬೇಕೆಂದೇ ನಮಗೆ ತಿಳಿಯದಾಗ ಒದಗುತ್ತದೆ ಎನ್ನುವಲ್ಲಿ.

ಅಡುಗೆಮನೆಯಿಂದ ದೇವರ ತನಕ ಒಂದೇ ಮಾತು ನೋಡು ಅಂದ ಅಜ್ಜ. ನಾನು ಒಂದು ಪ್ರಶ್ನೆ ಎಸೆದೆ. ದೇವರ ಉಸಿರಿಗೆ ಬಲ ಕಡಿಮೆಯೇ? ಭಾರವನ್ನು ಇಡಿಯಾಗಿ ಎತ್ತಿಕೊಂಡು ಹೋಗಿಬಿಡಬಾರದೇ?

"ಎತ್ತಿಕೊಂಡು ಹೋಗ್ತದೆ ಅಂತ ಅಲ್ಲಿ ಬರೆದಿಲ್ಲವಲ್ಲ, ಮಗಾ," ಅಂದ ಅಜ್ಜ. "ಅದೂ ಎದುರು ತುದಿಯನ್ನೇ ಹಿಡೀತದೆ. ಈಚೆ ತುದಿ ನಿನ್ನ ಕೈಲೇ ಇರ್ತದೆ."

ಹಾಗಾದರೆ ಆ ಉಸಿರಿಗಿಂತ ನಾನೇ ವಾಸಿ ಅಂದೆ. ಅಜ್ಜ ಗ್ರಂಥ ಮಡಿಸಿದ.

ಇಷ್ಟೆಲ್ಲ ಆಗಿ ಒಂಬತ್ತು ದಿನಕ್ಕೆ ನನ್ನ ಅಕ್ಕ ಬಿದ್ದಳು.

ನನ್ನನ್ನು ಸಾಕಿದವಳು ಅಕ್ಕ. ಹಗ್ಗ ಹೊಸೆಯುವವಳು. ಮಧ್ಯಾಹ್ನ ನಾರು ಇಳಿಸಲು ಅಟ್ಟ ಹತ್ತಿದ್ದವಳು ಕಾಲು ಜಾರಿ ಕೆಳಗೆ ಬಿದ್ದಳು. ಸೊಂಟದ ಕೀಲು ತಪ್ಪಿತ್ತು. ಬಲಗಾಲು ಎಡಗಾಲಿಗಿಂತ ನಾಲ್ಕು ಬೆರಳು ಗಿಡ್ಡವಾಗಿ ಒಳಕ್ಕೆ ತಿರುಚಿಕೊಂಡಿತ್ತು. ಅದನ್ನು ಕೂರಿಸಬಲ್ಲವನು ಒಬ್ಬನೇ, ಹೊಳೆಯ ದಡದಲ್ಲಿರುವ ಎಲುಬು ಕಟ್ಟುವಾತ. ಅವನಿಗೆ ವಯಸ್ಸಾಗಿದೆ, ಮೆಟ್ಟಿಲು ಏರುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಮೇಲಾಗಿ ಅವನು ಹೊರಡುವ ದಿನವೂ ಅವತ್ತೇ. ಹೊಳೆ ತುಂಬುವ ಮುನ್ನಾದಿನ, ಸೂರ್ಯ ಆಚೆ ಗುಡ್ಡಕ್ಕೆ ತಾಗುವ ಹೊತ್ತಿಗೆ, ಅವನು ದೋಣಿ ಬಿಚ್ಚಿ ಆಚೆ ದಡಕ್ಕೆ ಹೋಗುತ್ತಾನೆ. ನಾಲ್ಕು ತಿಂಗಳು ಮತ್ತೆ ಈಚೆ ದಡ ಮುಟ್ಟುವುದಿಲ್ಲ. ನಾಲ್ಕು ತಿಂಗಳು ಹೊರಗೆ ಕೂತ ಕೀಲು ಅಲ್ಲೇ ಬೆಳೆದುಕೊಳ್ಳುತ್ತದೆ. ಆಮೇಲೆ ಅಕ್ಕನಿಗೆ ಅಂಗಳವೂ ದೂರ.

ಇದೇನು ಮಹಾ ಅಂದುಕೊಂಡೆ. ಅಕ್ಕನನ್ನು ಎತ್ತಿ ಬೆನ್ನಿಗೆ ಹಾಕಿಕೊಂಡೆ. ಹೊಸ್ತಿಲು ದಾಟುವ ಮೊದಲೇ ಅವಳು ಕೂಗಿದ ಕೂಗಿಗೆ ಕೆಳಗಿಳಿಸಿದೆ. ಪಾದ ನೀಲಿಗಟ್ಟುತ್ತಿತ್ತು. ಕೈಯಲ್ಲಿ ಎತ್ತಿಕೊಂಡು ನೋಡಿದೆ, ಅದೂ ಆಗಲಿಲ್ಲ. ಅಲುಗಿಸದೆ ಚಪ್ಪಟೆಯಾಗಿ ಒಯ್ಯಬೇಕು. ಕೋಣೆಯ ಬಾಗಿಲ ಹಲಗೆಯನ್ನು ಕಿತ್ತು, ಅವಳೇ ಹೊಸೆದ ಹಗ್ಗದಿಂದ ಅವಳನ್ನು ಅದಕ್ಕೆ ಬಿಗಿದೆ. ಹಲಗೆಗೆ ಎರಡು ತುದಿ. ನಾನು ಒಬ್ಬ.

ತಲೆಯ ಕಡೆಯ ತುದಿಯನ್ನು ಒಂದು ಗೇಣು ಎತ್ತಿದೆ. ಬಾಯಿ ತೆರೆದೆ. ಕೂಗು ಬರಲಿಲ್ಲ. ಹುಟ್ಟಿದಾಗಿನಿಂದ ನಾನು ಕೂಗಿದವನೇ ಅಲ್ಲ. ಮನೆಯ ನೆರಳು ಆಗಲೇ ಅಂಗಳದ ಅರ್ಧಕ್ಕೆ ಬಂದಿತ್ತು.

"ಕೂಗೋ," ಅಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. "ಇಷ್ಟು ದೊಡ್ಡ ಮೈ ಇಟ್ಕೊಂಡು ಒಂದು ಕೂಗು ಹಾಕಕ್ಕಾಗಲ್ವಾ ನಿಂಗೆ?"

ಕೂಗಿದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

ಬಣ್ಣದವನು ಬಂದ. ಪಾಪ, ಓಡಿಯೇ ಬಂದ. ಎದುರು ತುದಿ ಹಿಡಿದ, ಹಿಂದಕ್ಕೆ ನಡೆದ, ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯ ಹೆಜ್ಜೆಗೆ ಅವನ ಕತ್ತು ತಾನಾಗಿ ತಿರುಗಿತು. ಕತ್ತು ತಿರುಗಿದ ಕಡೆಗೆ ಮೈ ತಿರುಗಿತು, ಹಲಗೆ ಓರೆಯಾಯಿತು, ಅಕ್ಕ ಚೀರಿದಳು. ಇನ್ನೊಮ್ಮೆ ಹಿಡಿದ, ಇನ್ನೊಮ್ಮೆ ತಿರುಗಿತು. ಎರಡು ಬೇಸಿಗೆ ಯಾರ ಮಾತಿನ ಮೇಲೂ ಕಾಲಿಡದವನ ಕತ್ತು ಅದು. ತುದಿಯನ್ನು ಮೆಲ್ಲಗೆ ನೆಲಕ್ಕಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ, ನನ್ನ ಮುಖ ನೋಡದೆ ಹೊರಟುಹೋದ. ಎಣ್ಣೆಯವನೂ ಬಂದ. ಅವನು ಎದುರಿಗೆ ಬರಲೇ ಇಲ್ಲ, ನನ್ನ ಹಿಂದೆ ಬಂದು ನಿಂತ. ಎದುರಿಗೆ ಹೋಗಣ್ಣ ಅಂದರೆ ಅವನಿಗೆ ಅರ್ಥವೇ ಆಗಲಿಲ್ಲ. ನೀನೇ ಹೊತ್ಕೊಂಡು ಹೋಗಪ್ಪ, ನಿನಗೇನು ಕಡಿಮೆ ಅಂದ. ಕುಹಕವಿರಲಿಲ್ಲ ಅವನ ಮಾತಲ್ಲಿ. ಅದೇ ಹೆಚ್ಚು ಉರಿಯಿತು.

ನೆರಳು ಅಂಗಳ ದಾಟಿತು. ಕೂಗಿದೆ. ಮತ್ತೆ ಕೂಗಿದೆ. ಬಾಗಿಲುಗಳಲ್ಲಿ ಜನ ನಿಂತಿದ್ದರು, ತಮ್ಮ ತಮ್ಮ ಕೈ ನೋಡಿಕೊಳ್ಳುತ್ತ.

ಆಗ ಉಪ್ಪಿನವ್ವ ಬಂದಳು. ಅವಳ ಮನೆ ಊರಿನ ಕೊನೆಯಲ್ಲಿ, ನನ್ನ ಕೂಗು ಅಲ್ಲಿಗೆ ಮುಟ್ಟಲು ಅಷ್ಟು ಹೊತ್ತು ಹಿಡಿಯಿತೋ, ಬರಬೇಕೋ ಬೇಡವೋ ಎಂದು ಯೋಚಿಸಲು ಅಷ್ಟು ಹೊತ್ತು ಹಿಡಿಯಿತೋ, ನಾನು ಕೇಳಲಿಲ್ಲ. ಮೊಣಕಾಲಿನ ಗಾಯ ಇನ್ನೂ ಒಣಗಿರಲಿಲ್ಲ. ಕುಂಟುತ್ತ ಬಂದು ಎದುರು ತುದಿಗೆ ಬಾಗಿದಳು. ನಾನು ತಡೆದೆ. ಇಳಿಯುವಾಗ ಕೆಳಗಿನ ತುದಿಗೆ ಭಾರ ಹೆಚ್ಚು, ನೀನು ಮೇಲೆ ನಿಲ್ಲು, ಕೆಳಗಿನದು ನನಗೆ ಬಿಡು ಅಂದೆ.

"ಭಾರ ಯಾರ್ದು?" ಅಂದಳು.

"ನಂದು."

"ಹಂಗಾದ್ರೆ ನಿನ್ ಜಾಗ್ದಾಗೆ ನಿಂತ್ಕೊಂಡು ದಾರಿ ಹೇಳು."

ಹೊರಟೆವು. ಅಕ್ಕನ ಬೈತಲೆ ನನ್ನ ಹೊಟ್ಟೆಯ ಹತ್ತಿರ, ಅಕ್ಕನ ಪಾದ ಉಪ್ಪಿನವ್ವನ ಹೊಟ್ಟೆಯ ಹತ್ತಿರ. ನಡೀ ನಡೀ ಅಂದೆ. ಉಪ್ಪಿನವ್ವ ನಿಂತುಬಿಟ್ಟಳು. ಹಾಗೆ ಅಂದರೆ ಎತ್ತಿಗೂ ತಿಳಿಯುವುದಿಲ್ಲ, ಕಾಲೆಲ್ಲಿಡಲಿ ಅದನ್ನು ಹೇಳು ಅಂದಳು. ಕೆಳಗೆ, ಒಂದು ಗೇಣು ಅಂದೆ. ಇಟ್ಟಳು. ಕೆಳಗೆ, ಒಂದು ಗೇಣು, ಪಾಚಿಯಿದೆ. ಒರೆಸಿ ಇಟ್ಟಳು. ಮೂರನೆಯದರಲ್ಲಿ ಮೆಟ್ಟಿಲು ಬಂಡೆಯ ಕಡೆಗೆ ತಿರುಗುತ್ತದೆ. ಎಡಕ್ಕೆ ಅಂದೆ. ಅವಳು ಎಡಕ್ಕೆ ಇಟ್ಟಳು, ತನ್ನ ಎಡಕ್ಕೆ. ಅವಳ ಹಿಮ್ಮಡಿಯ ಕೆಳಗೆ ಬಯಲು. ಹಲಗೆ ಜಗ್ಗಿತು, ಅವಳ ಇನ್ನೊಂದು ಕಾಲು ಹೇಗೋ ಹಿಡಿದು ನಿಂತಿತು.

ಎದುರುಬದುರು ನಿಂತವರಿಗೆ ಎಡವೂ ಬಲವೂ ಬೇರೆಬೇರೆ. ಅದಕ್ಕೇ ನಮ್ಮೂರಲ್ಲಿ ಮೆಟ್ಟಿಲ ಮೇಲೆ ಯಾರೂ ಎಡ ಬಲ ಅನ್ನುವುದಿಲ್ಲ, ಬಂಡೆ ಕಡೆ ಬಯಲು ಕಡೆ ಅನ್ನುತ್ತಾರೆ. ಮಕ್ಕಳಿಗೂ ಗೊತ್ತಿರುವ ವಿಷಯ. ಎಂದೂ ಒಂದು ತುದಿ ಹಿಡಿಯದ ನನಗೆ ಗೊತ್ತಿರಲಿಲ್ಲ. ಉಪ್ಪಿನವ್ವನ ಮುಖ ಬಿಳುಚಿತ್ತು. "ಬಂಡೆ ಕಡೆ ಅನ್ನು," ಅಂದಳು, ಅಷ್ಟೇ.

ಬಂಡೆ ಕಡೆ, ಕೆಳಗೆ, ಒಂದು ಗೇಣು. ಕೆಳಗೆ, ಒಂದು ಗೇಣು. ಹಲಗೆಯ ಪಕ್ಕದಿಂದ ಬಾಗಿ ಅವಳ ಹಿಮ್ಮಡಿಯನ್ನೇ ನೋಡುತ್ತಿದ್ದೆ. ಬಿರುಕು ಬಿಟ್ಟ ಹಿಮ್ಮಡಿ, ಬಿರುಕಿನೊಳಗೆ ಬಿಳಿ ಉಪ್ಪು. ಇನ್ನೊಬ್ಬರ ಹಿಮ್ಮಡಿಯನ್ನು ಅಷ್ಟು ಹೊತ್ತು ನೋಡಿದವನೇ ಅಲ್ಲ ನಾನು. ನಾನು ಕೆಳಗೆ ಅಂದರೆ ಅದು ಕೆಳಗಿಳಿಯುತ್ತಿತ್ತು. ಒಂದು ಗೇಣು ಅಂದರೆ ಒಂದೇ ಗೇಣು. ನಾನು ಹೇಳಿದ್ದನ್ನು ಲೋಕದಲ್ಲಿ ಯಾವುದೂ ಅಷ್ಟು ನಂಬಿರಲಿಲ್ಲ. ಅದಕ್ಕೇ ಭಯವಾಗುತ್ತಿತ್ತು.

ಭಯಕ್ಕೆ ಇನ್ನೊಂದು ಕಾರಣವಿತ್ತು, ಅದು ನನ್ನೊಬ್ಬನಿಗೇ ಗೊತ್ತು. ಹಿಂದಿನ ದಿನ ಎಣ್ಣೆಯವನ ಗಾಣದ ಕಲ್ಲನ್ನು ಒಬ್ಬನೇ ಹೊತ್ತು ತಂದಿದ್ದೆ. ನಲವತ್ತೊಂದನೆಯ ಮೆಟ್ಟಿಲಲ್ಲಿ ಕಲ್ಲು ಜಾರಿ, ಮೆಟ್ಟಿಲು ಬುಡಸಮೇತ ಕಿತ್ತು ಹೊಳೆಗೆ ಬಿದ್ದಿತ್ತು. ನನ್ನ ಕೈಯಿಂದ ಕಲ್ಲು ಜಾರಿತು ಎಂದು ಯಾರಿಗೆ ಹೇಳುವುದು? ಆ ಜಾಗಕ್ಕೆ ಒಂದು ತೆಳುವಾದ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಬಳಿದಿದ್ದೆ. ಬರಿಗೈಯವರಿಗೆ ಅದು ತಡೆಯುತ್ತಿತ್ತು. ಭಾರ ಹೊತ್ತವರಿಗೆ ತಡೆಯುತ್ತಿರಲಿಲ್ಲ.

ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಹೇಳಬೇಕು ಅಂದುಕೊಂಡೆ. ಮೂವತ್ತು. ಸೂರ್ಯ ಗುಡ್ಡದ ಮೇಲೆ ಎರಡಾಳು ಎತ್ತರಕ್ಕಿದ್ದ. ಕೆಳಗೆ ಎಲುಬು ಕಟ್ಟುವಾತ ಇರುವೆಯಷ್ಟಾಗಿ ಕಾಣುತ್ತಿದ್ದ, ದೋಣಿಗೆ ಗಂಟು ಏರಿಸುತ್ತಿದ್ದ. ಮೂವತ್ತೈದು. ಮುಂದಿನದರಲ್ಲಿ ಹೇಳುತ್ತೇನೆ. ಮೂವತ್ತೇಳು. ಅವಳು ನಲವತ್ತಕ್ಕೆ ಬಂದಾಗ ಒಂದು ಉಪಾಯ ಹೊಳೆಯಿತು. ಈ ಸಲ ಕಾಲನ್ನು ಉದ್ದಕ್ಕೆ ಹಾಕು, ಎರಡು ಗೇಣು ಅಂದೆ.

ಉಪ್ಪಿನವ್ವ ಕಾಲೆತ್ತಲಿಲ್ಲ.

"ನಲವತ್ತೊಂದು ಇಲ್ಲೇ ಐತಲ್ಲ," ಅಂದಳು. "ನನ್ನ ಕಾಲಿಗೆ ಗೊತ್ತು. ಯಾಕೆ ದಾಟ್ಬೇಕು?"

ಅಕ್ಕ ಕಣ್ಣು ತೆರೆದು ತಲೆಕೆಳಗಾಗಿ ನನ್ನ ಮುಖ ನೋಡಿದಳು. ಇಡು ಅಂದರೆ ಇಡುತ್ತಾಳೆ. ಇಟ್ಟರೆ ಅವಳೂ ಹೋದಳು, ಅಕ್ಕನೂ ಹೋದಳು.

"ಮೆಟ್ಟಿಲಿಲ್ಲ," ಅಂದೆ. "ನಿನ್ನೆ ನಾನೇ ಒಡೆದೆ. ಕಲ್ಲು ಕೈ ಜಾರ್ತು. ಯಾರಿಗೂ ಹೇಳ್ದೆ ಮುಚ್ಚಿಟ್ಟೆ."

ಉಪ್ಪಿನವ್ವ ನನ್ನನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡೆ, ಬೈದರೆ ವಾಸಿ ಅನ್ನಿಸಿತು. ಬೈಯಲಿಲ್ಲ. ಎರಡು ಗೇಣು ಸಾಕಾ, ಸರಿಯಾಗಿ ನೋಡಿ ಹೇಳು ಅಂದಳು. ನೋಡಿದೆ. ಎರಡು ಸಾಲದು, ಎರಡೂವರೆ ಅಂದೆ. ಅವಳು ಒಂದು ಕಾಲನ್ನು ಹಿಂದಕ್ಕೆ ಚಾಚಿದಳು. ಒಂಟಿಕಾಲಿನ ಮೇಲೆ ನಿಂತವಳ ಕೈಯ ಭಾರವನ್ನು ನಾನು ನನ್ನ ಕಡೆಗೆ ಎಳೆದುಕೊಂಡೆ, ಹಲಗೆಯನ್ನು ಹೊಟ್ಟೆಗೊತ್ತಿ, ಹಿಂದಕ್ಕೆ ಬಾಗಿ. ಕೆಳಗೆ, ಇನ್ನೂ ಸ್ವಲ್ಪ, ಬಂಡೆ ಕಡೆ, ಇನ್ನೂ, ಇಡು. ಇಟ್ಟಳು. ಇನ್ನೊಂದು ಕಾಲನ್ನೂ ತಂದಳು. ನಲವತ್ತೆರಡರ ಮೇಲೆ ನಿಂತಳು.

ಇನ್ನು ಭಯವಿಲ್ಲ ಅಂದುಕೊಂಡೆ. ಅವಳಿಗೆ ನಲವತ್ತಮೂರು ಹೇಳಿದೆ, ನಲವತ್ತನಾಲ್ಕು ಹೇಳಿದೆ, ನಲವತ್ತೈದು ಹೇಳಿದೆ. ಅವಳು ಇಳಿದಷ್ಟೂ ನಾನೂ ಇಳಿದೆ. ಆಮೇಲೆ ನಿಂತೆ.

ನಾನು ನಿಂತದ್ದು ನಲವತ್ತರ ಮೇಲೆ. ನನ್ನ ಮುಂದಿನದು ಆ ಚಪ್ಪಡಿ. ನೋಡಲು ಬಾಗಿದೆ. ಕಂಡದ್ದು ಹಲಗೆ, ಹಲಗೆಯ ಮೇಲೆ ಅಕ್ಕನ ಕೂದಲು. ಪಕ್ಕಕ್ಕೆ ಬಾಗಿದೆ. ಕಂಡದ್ದು ಬಯಲು. ಇಡೀ ಲೋಕವೇ ನನಗೆ ಕಾಣುತ್ತಿತ್ತು, ಹೊಳೆ, ದೋಣಿ, ಗುಡ್ಡ, ಉಪ್ಪಿನವ್ವನ ಹಿಮ್ಮಡಿ. ನನ್ನ ಕಾಲು ಮಾತ್ರ ನನಗೆ ಕಾಣುತ್ತಿರಲಿಲ್ಲ.

ಕಟ್ಟಳೆಯ ಈ ಭಾಗವನ್ನು ಯಾರೂ ನನಗೆ ಹೇಳಿರಲಿಲ್ಲ. ಹೇಳುವಂಥದ್ದೂ ಅಲ್ಲವೇನೋ ಅದು, ಹಿಡಿದವರಿಗೆ ಮಾತ್ರ ತಿಳಿಯುವಂಥದ್ದು. ನನ್ನ ಕಾಲು ಕಾಣುತ್ತಿದ್ದುದು ಲೋಕದಲ್ಲಿ ಒಬ್ಬಳಿಗೇ, ಕೆಳಗೆ ನಿಂತು ಮೇಲೆ ನೋಡುತ್ತಿದ್ದವಳಿಗೆ, ಒಂಬತ್ತು ದಿನದ ಹಿಂದೆ ನಾನು ಮೊಣಕಾಲೂರಿಸಿ ಕೆಡವಿದವಳಿಗೆ.

ಅವಳು ಸುಮ್ಮನೆ ನಿಂತಿದ್ದಳು. ತಲೆ ಓರೆ ಮಾಡಿ ಹಲಗೆಯ ಕೆಳಗಿಂದ ನೋಡುತ್ತಿದ್ದಳು. ಸೂರ್ಯ ಗುಡ್ಡದ ಮೇಲೆ ಒಂದಾಳು ಎತ್ತರಕ್ಕಿದ್ದ. ಭಾರ ಇಳಿಸಬೇಕೆಂದು ನನಗೆ ಅನ್ನಿಸಿದ್ದು ಅದೇ ಮೊದಲು. ಕೇಳಬೇಕೆಂದುಕೊಂಡೆ. ಏನೆಂದು ಕೇಳುವುದು? ದಾರಿ ಹೇಳು ಅನ್ನಲೇ, ತಪ್ಪಾಯಿತು ಅನ್ನಲೇ, ಅಕ್ಕನ ಮುಖ ನೋಡು ಅನ್ನಲೇ? ಒಂದೂ ಮಾತಾಗಲಿಲ್ಲ. ಗಂಟಲಿಂದ ಒಂದು ನರಳು ಬಂತು, ಭಾರದ ಗಾಡಿಯ ಕೀಲು ನರಳಿದ ಹಾಗೆ.

"ಬಂಡೆ ಕಡೆ ಕಾಲು," ಅಂದಳು ಉಪ್ಪಿನವ್ವ. "ಎತ್ತು. ಮುಂದಕ್ಕೆ. ಇನ್ನೂ. ಈಗ ಬೆರಳು ಗಾಳೀಲಿ ಐತೆ, ಹೆದರ್ಬ್ಯಾಡ. ಕೆಳಗೆ. ಇನ್ನೂ ಕೆಳಗೆ."

ಎಷ್ಟು ಕೆಳಗೆ ಹೋದರೂ ಕಲ್ಲು ಸಿಗಲಿಲ್ಲ. ಇನ್ನೂ ಅಂದಳು. ಅವಳ ಕುತ್ತಿಗೆಯ ನರ ಹುರಿಗಟ್ಟಿದ್ದು ಕಾಣುತ್ತಿತ್ತು. ಹಲಗೆಯನ್ನು ಈಗ ಅವಳು ತನ್ನ ಕಡೆಗೆ ಎಳೆದುಕೊಂಡಿದ್ದಳು, ಹೊಟ್ಟೆಗೊತ್ತಿ.

"ಇಡು."

ಇಟ್ಟೆ. ಕಲ್ಲಿತ್ತು.

ಅಲ್ಲಿಂದಾಚೆ ನಾನು ಅವಳ ಕಾಲು ಹೇಳಿದೆ, ಅವಳು ನನ್ನ ಕಾಲು ಹೇಳಿದಳು. ಕೆಳಗೆ ಒಂದು ಗೇಣು, ಕೆಳಗೆ ಒಂದು ಗೇಣು. ಅಕ್ಕ ನಡುವೆ ಮಲಗಿ ಇಬ್ಬರ ಮಾತನ್ನೂ ಕೇಳುತ್ತಿದ್ದಳು. ನೂರಾದ ಮೇಲೆ ಯಾರು ಯಾರಿಗೆ ಹೇಳುತ್ತಿದ್ದೇವೆಂದು ನನಗೇ ತಿಳಿಯುತ್ತಿರಲಿಲ್ಲ.

ಮರಳು ಮುಟ್ಟಿದಾಗ ಸೂರ್ಯ ಗುಡ್ಡಕ್ಕೆ ತಾಗಿದ್ದ. ಎಲುಬು ಕಟ್ಟುವಾತ ದೋಣಿಯ ಹಗ್ಗವನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಆಗಿನಿಂದ ನಿಮ್ಮನ್ನೇ ನೋಡುತ್ತಿದ್ದೆ, ನಲವತ್ತರಲ್ಲಿ ನಿಂತಾಗ ಹಗ್ಗ ಬಿಚ್ಚಿದವನು ಮತ್ತೆ ಕಟ್ಟಿದೆ ಅಂದ. ಅಕ್ಕನ ಕಾಲನ್ನು ಮುಟ್ಟಿ ನೋಡಿದ. ಆಮೇಲೆ ಅವಳ ಕಂಕುಳಡಿ ಕೈ ಕೊಟ್ಟು ಹಿಡಿದುಕೊಳ್ಳಲು ನನಗೆ ಹೇಳಿದ. ನಾನು ಎಳೆಯಲು ಬಲ ಕೂಡಿಸಿಕೊಂಡೆ.

"ಎಳೀಬ್ಯಾಡ ಕಣಪ್ಪ," ಅಂದ. "ಎಳೆಯೋನು ನಾನು. ನೀನು ಬಿಡದೆ ಇದ್ರೆ ಸಾಕು."

ಅವನು ಆ ಕಡೆಯಿಂದ ಎಳೆದ. ನಾನು ಈ ಕಡೆ ಬಿಡದೆ ಇದ್ದೆ. ಬಲವಿದ್ದೂ ಎಳೆಯದೆ ಇರುವುದು ಎಂಥ ಕೆಲಸವೆಂದು ನನಗೆ ಆಗ ಗೊತ್ತಾಯಿತು. ಅಕ್ಕ ಹಲ್ಲು ಕಚ್ಚಿ ನನ್ನ ಮಣಿಕಟ್ಟನ್ನು ಉಗುರಲ್ಲಿ ಪರಚಿದಳು. ಒಳಗೆಲ್ಲೋ ಕಟ್ ಎಂದಿತು. ಗಿಡ್ಡವಾಗಿದ್ದ ಕಾಲು ನಿಧಾನವಾಗಿ ಬಿಚ್ಚಿಕೊಂಡು ಇನ್ನೊಂದರ ಪಕ್ಕಕ್ಕೆ, ಹಿಮ್ಮಡಿಗೆ ಹಿಮ್ಮಡಿ ಸಮನಾಗಿ, ಬಂದು ಮಲಗಿತು. ಅಕ್ಕ ಬೆರಳು ಆಡಿಸಿದಳು. ಆಮೇಲೆ ಅತ್ತಳು.

ನಲವತ್ತು ದಿನ ಅಲುಗಬಾರದು, ನನ್ನ ಕಣ್ಣೆದುರಿಗೇ ಇರಲಿ ಎಂದು ಎಲುಬು ಕಟ್ಟುವಾತ ಅವಳನ್ನು ಹಲಗೆಯ ಸಮೇತ ದೋಣಿಯಲ್ಲಿ ಮಲಗಿಸಿಕೊಂಡ. ಹೊಳೆ ಇಳಿದ ಮೇಲೆ ನಡೆದುಕೊಂಡೇ ಬರುತ್ತಾಳೆ ಅಂದ. ದೋಣಿ ಹೋಯಿತು. ಅಕ್ಕ ಕೈಯೆತ್ತಿದ್ದು ಸ್ವಲ್ಪ ಹೊತ್ತು ಕಂಡಿತು, ಆಮೇಲೆ ನೀರು ಮಾತ್ರ.

ಉಪ್ಪಿನವ್ವನೂ ನಾನೂ ಒಂದೇ ಚೆಂಬಿನ ನೀರಲ್ಲಿ ಕೈ ತೊಳೆದೆವು. ನೀರು ಉಪ್ಪುಪ್ಪಾಗಿತ್ತು. ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಅವಳು ಆಗಲೇ ಎದ್ದು ಹೋಗಿದ್ದಳು. ಮರಳಿನ ಮೇಲೆ ಬೆಳಗಿನ ದೋಣಿ ಇಳಿಸಿ ಹೋದ ಅವಳ ಉಪ್ಪಿನ ಮೂಟೆಯಿತ್ತು, ಹೊಸ ಚೀಲ, ಹೊಸ ಗಳ. ಹೊಳೆಯ ನೀರು ಆಗಲೇ ಅದರ ಬುಡವನ್ನು ನೆಕ್ಕುತ್ತಿತ್ತು. ಗಳದ ಒಂದು ತುದಿಯನ್ನು ಒಂದು ಗೇಣು ಎತ್ತಿ ಹಿಡಿದಳು. ನನ್ನ ಕಡೆ ನೋಡಲಿಲ್ಲ. ದಡದಲ್ಲಿ ನಾನಲ್ಲದೆ ಬೇರೆ ಯಾರೂ ಇರಲಿಲ್ಲ, ಆದರೂ ಇಡೀ ಊರಿಗೆ ಕೇಳುವ ಹಾಗೆ ಕೂಗಿದಳು.

"ಎದುರು ಬನ್ನಿ."

ತಲೆಯ ಮೇಲೆ ಇಟ್ಟುಕೊಂಡರೆ ಅದು ನನಗೆ ಒಂದು ಹಿಡಿ ಹುಲ್ಲು. ಹೋಗಿ ಎದುರು ತುದಿ ಹಿಡಿದೆ, ಮುಖಕ್ಕೆ ಮುಖ ಕೊಟ್ಟು. ಈಗ ನನ್ನ ಬೆನ್ನಿಗೆ ನೂರಹನ್ನೆರಡು ಮೆಟ್ಟಿಲಿದ್ದವು. ಅವುಗಳಲ್ಲಿ ಒಂದು ಇರಲಿಲ್ಲ. ಕೆಳಗಿಂದ ಎಣಿಸಿದರೆ ಎಪ್ಪತ್ತೆರಡನೆಯದು. ಬೆಳಕು ಕಂದುತ್ತಿತ್ತು. ಮೇಲಕ್ಕೆ, ಒಂದು ಗೇಣು ಅಂದಳು, ಇಟ್ಟೆ. ಮೇಲಕ್ಕೆ, ಒಂದು ಗೇಣು. ಇಟ್ಟೆ. ಕತ್ತು ತಿರುಗಬೇಕೆಂದು ಸೆಳೆಯುತ್ತಿತ್ತು. ಅದನ್ನು ಹಲ್ಲು ಕಚ್ಚಿ ಹಿಡಿದು, ತುಟಿಯೊಳಗೇ ಎಣಿಸಿಕೊಳ್ಳತೊಡಗಿದೆ, ನಾಲ್ಕು, ಐದು, ಆರು.

ಉಪ್ಪಿನವ್ವ ನಿಂತಳು. ನನ್ನ ತುಟಿಯನ್ನೇ ನೋಡುತ್ತಿದ್ದಳು.

"ಎಣಿಸ್ಬ್ಯಾಡ," ಅಂದಳು. "ಎಣಿಸೋದು ನನ್ ಕೆಲ್ಸ."

ಎಣಿಕೆ ಬಿಟ್ಟೆ. ಅವಳು ಮೇಲಕ್ಕೆ ಅಂದಳು. ನಾನು ಕಾಲನ್ನು ಹಿಂದಕ್ಕಿಟ್ಟೆ.